ಕಿರುನಾಲಿಗೆ ನನ್ನದು

ಹೊಳೆನರಸೀಪುರ
೧೨ ಫೆಬ್ರವರಿ ೨೦೦೬

ಪ್ರೀತಿಯ ಯಜಮಾನರಿಗೆ ಕನಕಳ ನಮಸ್ಕಾರಗಳು.

ಬೀದರಿನಲ್ಲಿ ಈಗಲೇ ಬಿಸಿಲು ಜೋರಾಗಿದೆ ಎಂದು ಬರೆದಿದ್ದೀರಿ. ಹೆಡ್‌ಮಾಸ್ಟರಾದೆ ಎಂದು ಮಧ್ಯಾಹ್ನ ಛತ್ರಿಯಿಲ್ಲದೆ ಓಡಾಡಬೇಡಿ. ಮೊಣಕಾಲು ನೋವು ಹೇಗಿದೆ? ಜೋಳದ ರೊಟ್ಟಿ ಒಗ್ಗಿತೇ? ಮಗಳು ಶ್ರೀಗೌರಿಯ ಮದುವೆಗೆ ಇಲ್ಲೇ ಛತ್ರ ಗೊತ್ತಾಗಿದೆ, ಅಡಿಗೆಯವರೂ ಒಪ್ಪಿದ್ದಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀವು ತೀರ್ಪು ಕೊಟ್ಟುಬಿಡುತ್ತೀರಿ. ಕಾಗದವಾದರೆ ಪೂರ್ತಿ ಓದಲೇಬೇಕು.

ಮದುವೆಗೆ ಮೊದಲು ಗೊರಕೆ ನಿಲ್ಲಿಸಲು ನನ್ನ ಗಂಟಲಿನ ಆಪರೇಷನ್ ಆಗಲೇಬೇಕೆಂದು ನೀವು, ನಿಮ್ಮ ಅಕ್ಕ ಅನಸೂಯಮ್ಮ ಇಬ್ಬರೂ ಸೇರಿ ಮೈಸೂರಿನ ಆಸ್ಪತ್ರೆಯಲ್ಲಿ ದಿನ ನಿಶ್ಚಯಿಸಿದ್ದೀರಿ. ಗಂಟಲು ಯಾರದೋ, ಮುಹೂರ್ತ ಇಟ್ಟವರು ಯಾರೋ! ಅತ್ತಿಗೆ ಮೊನ್ನೆ ಚನ್ನರಾಯಪಟ್ಟಣದಿಂದ ಬಂದವರು ರಾತ್ರಿ ನಾನು ಮೂಗಿಗೆ ಹಾಕಿಕೊಳ್ಳುವ ಗಾಳಿ ಮಿಷನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಛತ್ರದಲ್ಲಿ ಹೆಂಗಸರೆಲ್ಲ ಸಾಲಾಗಿ ಮಲಗೋ ಕಡೆ, ಬೀಗಿತ್ತಿ ಎದುರಿಗೆ, ಈ ಸೊಂಡಿಲು ಹಾಕ್ಕೊಂಡು ಮಲಗ್ತೀಯೇನೇ?" ಎಂದರು. ಮಿಷನ್ನಿಲ್ಲದೆ ಮಲಗಿದರೆ ಗೊರಕೆ, ಅದೂ ಮಾನಗೇಡು. ಒಟ್ಟಿನಲ್ಲಿ ನಾನು ಮಲಗಲೇಬಾರದು.

ಅದಕ್ಕೇ, ನಿಮ್ಮನ್ನು ಕೇಳದೆ, ಹಾಸನದ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿಬಂದೆ. ಜೊತೆಗೆ ನನ್ನ ಶಿಷ್ಯೆ ಅನುಶ್ರೀಯ ಅಮ್ಮ, ಹರದನಹಳ್ಳಿಯ ನಂಜಮ್ಮ ಬಂದಿದ್ದಳು. ಬಸ್ಸಿನಲ್ಲಿ ಎಲ್ಲ ಕೇಳಿಸಿಕೊಂಡು, "ಅಲ್ಲ ಕಣವ್ವ, ನಮ್ಮನೇರು ಗೊರ್ಕೆ ಒಡುದ್ರೆ ಪಕ್ಕದ್ ಬೀದಿಗೂ ಕೇಳ್ತದೆ, ಯಾರೂ ಏನೂ ಅನ್ನಾಕಿಲ್ಲ. ಎಂಗ್ಸು ಒಡುದ್ರೆ ಮಾನ ಓಯ್ತದಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದಳು. ನನಗೆ ನಾಚಿಕೆಯಾಗಬೇಕಿತ್ತು, ನಗು ಬಂತು.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ನಿದ್ದೆಯಲ್ಲಿ ಗಂಟಲಿನ ಮಾಂಸ ಹಿಂದಕ್ಕೆ ಕುಸಿದು ದಾರಿ ಮುಚ್ಚುತ್ತದಂತೆ, ಉಸಿರು ನಿಲ್ಲುತ್ತದಂತೆ, ಮತ್ತೆ ಬೆಚ್ಚಿ ಎಳೆದುಕೊಳ್ಳುತ್ತೇನಂತೆ, ಅದಕ್ಕೇ ಹಗಲೆಲ್ಲ ತೂಕಡಿಕೆಯಂತೆ. ಹೀಗೇ ಬಿಟ್ಟರೆ ಬಿ.ಪಿ. ಏರುತ್ತದೆ, ಹೃದಯಕ್ಕೂ ಕುತ್ತು. ತೂಕ ಇಳಿಸಲೇಬೇಕು, ಆದರೆ ಅದು ನಿಧಾನದ ಕೆಲಸ. ಮಗ್ಗುಲಾಗಿ ಮಲಗಲೆಂದು ರವಿಕೆಯ ಬೆನ್ನಿಗೆ ಚೆಂಡು ಹೊಲಿದುಕೊಂಡು ನೋಡಿದ್ದೆನಲ್ಲ, ಚೆಂಡು ಚಪ್ಪಟೆಯಾಯಿತು, ಗೊರಕೆ ಅಲ್ಲಾಡಲಿಲ್ಲ. ದವಡೆ ಮುಂದಕ್ಕೆ ಎಳೆಯುವ ಹಲ್ಲಿನ ಕಟ್ಟು ನನ್ನಷ್ಟು ಜೋರು ಗೊರಕೆಯವರಿಗೆ ಸಾಲದು. ಉಳಿದದ್ದು ಎರಡೇ. ಕಿರುನಾಲಿಗೆ, ಅಂಗುಳದ ಅಂಚು ಕತ್ತರಿಸುವುದು, ಇಲ್ಲವೇ ಮೂಗಿಗೆ ಗಾಳಿ ಒತ್ತುವ ಮಿಷನ್ನು. ಕತ್ತರಿಸಿದರೆ ವಾಸಿಯಾಗುವ ಭರವಸೆ ಇಲ್ಲ, ಕೆಲವರಿಗೆ ಧ್ವನಿಯೂ ಬದಲಾಗುತ್ತದೆ ಎಂದರು. ಇದನ್ನು ನಿಮಗೂ ಹೇಳಿದ್ದರಂತೆ! ನೀವು ನನಗೆ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸರಳೆ, ವರ್ಣ ಹೇಳಿಕೊಟ್ಟ ಗಂಟಲು ಇದು. ಇದರ ಮೇಲೆ ಕತ್ತರಿ ಆಡಿಸಲು ನಾನು ಬಿಡುವುದಿಲ್ಲ. ಈ ವಿಷಯದಲ್ಲಿ ನನಗೆ ನಿಮ್ಮ ಮೇಲೆ ತುಂಬ ಕೋಪವಿದೆ.

ಕಳೆದ ವರ್ಷ ನನ್ನ ತವರು ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ತಂಬೂರಿ ಹಿಡಿದು ಕೂತಿದ್ದಾಗ ನನ್ನ ಕಣ್ಣು ಮುಚ್ಚಿ ತಲೆ ತೂಗುತ್ತಿತ್ತು. ಮುಂದಿನ ಸಾಲಿನ ಚಂದ್ರಶೇಖರಯ್ಯನವರು, "ಆಹಾ, ಎಂಥ ತಲ್ಲೀನತೆ!" ಎಂದು ನನ್ನನ್ನೇ ತೋರಿಸಿ ಉಳಿದವರಿಗೆ ಬುದ್ಧಿ ಹೇಳಿದರು. ನೀವೂ ಅದನ್ನು ಊರೆಲ್ಲ ಹೇಳಿಕೊಂಡು ಬಂದಿರಿ. ತಲ್ಲೀನತೆಯೂ ಇಲ್ಲ, ಮಣ್ಣೂ ಇಲ್ಲ. ನಾನು ನಿದ್ದೆ ಹೋಗಿದ್ದೆ ಸ್ವಾಮಿ! ಮಗಳ ಧಾರೆಯಲ್ಲೂ ಹಾಗೆ ತೂಕಡಿಸಿದರೆ ಭಕ್ತಿ ಎನ್ನುತ್ತೀರಾ?

ಮಿಷನ್ನು ಹಾಕಿಕೊಳ್ಳಲು ಮೊದಲು ಹಿಂಸೆಯಾಯಿತು, ಮೂಗಿನ ಮೇಲೆ ಬರೆ ಬಿತ್ತು, ಒಂದೆರಡು ಸಲ ಕಿತ್ತೆಸೆದೆ. ಈಗ ಒಗ್ಗಿದೆ. ಕರೆಂಟು ಹೋದರೆ ಇರಲೆಂದು ಯು.ಪಿ.ಎಸ್. ಇಟ್ಟುಕೊಂಡಿದ್ದೇನೆ. ಬೆಳಗ್ಗೆ ತಲೆನೋವಿಲ್ಲದೆ ಏಳುತ್ತೇನೆ. ನಿನ್ನೆ ತಾರಷಡ್ಜದಲ್ಲಿ ನಿಂತೆ, ಅನುಶ್ರೀ ಶ್ರುತಿಪೆಟ್ಟಿಗೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಛತ್ರದಲ್ಲೂ ಇದನ್ನೇ ಹಾಕಿಕೊಂಡು ಮಲಗುತ್ತೇನೆ. ಬೀಗಿತ್ತಿ ಕೇಳಿದರೆ ಉಸಿರಾಡುವ ಮಿಷನ್ನು ಎನ್ನುತ್ತೇನೆ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಶ್ರೀಗೌರಿ ನಮಸ್ಕಾರ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಕೋಪದಲ್ಲೂ ನಿಮ್ಮವಳೇ ಆದ
ಕನಕಲಕ್ಷ್ಮಿ

ಅಂಚೆಗೆ ಹಾಕುವ ಮುಂಚೆ ಇನ್ನೊಂದು: ಮೈಸೂರಿಗೆ ಫೋನ್ ಮಾಡಿ ಆಪರೇಷನ್ ರದ್ದು ಮಾಡಿಸಿದೆ. ನೀವು ಅದಕ್ಕೆಂದು ಹಾಕಿದ ರಜೆಯನ್ನು ಮಾತ್ರ ರದ್ದು ಮಾಡಬೇಡಿ, ಬನ್ನಿ. ಎಷ್ಟೋ ವರ್ಷದಿಂದ ಗೊರಕೆಗೆ ಹೆದರಿ ನಡುಮನೆಯಲ್ಲಿ ಮಲಗುತ್ತಿದ್ದಿರಿ. ನನಗೆ ಎಷ್ಟು ನೋವಾಗುತ್ತಿತ್ತೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಹಾಸಿಗೆಯನ್ನು ಕೋಣೆಗೆ ತಂದು ಹಾಕಿದ್ದೇನೆ. ಪಕ್ಕದಲ್ಲೇ ಮಿಷನ್ನು ಇರುತ್ತದೆ. ಅದನ್ನು ನೋಡಲಾರೆ ಎನ್ನುವುದಾದರೆ ನಿಮ್ಮ ಹಾಸಿಗೆಯನ್ನು ನೀವೇ ಹೊತ್ತು ನಡುಮನೆಗೆ ಹೋಗಿ. ಮಿಷನ್ನು ಅಲ್ಲಿಂದ ಕದಲುವುದಿಲ್ಲ.