ಮೊದಲ ಗುಟುಕು

9-1-68, ಬೆಳಿಗ್ಗೆ

ಎಂಟು ಡಜನ್ ಗೋಲಿ ಸೋಡ ತುಂಬಿಸಿದೆ. ಎರಡು ಬಾಟಲಿ ಸಿಡಿದವು. ಮುಖಕ್ಕೆ ದಪ್ಪ ಬಟ್ಟೆ ಕಟ್ಟಿಕೊಂಡೇ ಮಿಷನ್ ತಿರುಗಿಸುತ್ತೇನೆ, ಆದರೂ ಪ್ರತಿ ಸಲ ಕಣ್ಣು ಮುಚ್ಚಿಕೊಳ್ಳುತ್ತೇನೆ. ಹದಿನಾಲ್ಕು ವರ್ಷವಾಯಿತು, ರೂಢಿ ಆಗಿಲ್ಲ.

ಪಂಚಾಕ್ಷರಪ್ಪನವರು ಕರೆಸಿದ್ದರು. ಲಾಡ್ಜು ಅವರದು. ಅದರ ಹಿಂಬದಿಯ ನನ್ನ ಸೋಡ ಶೆಡ್ಡೂ ಅವರದೇ, ನಾವು ಇರುವ ಕೋಣೆಯೂ ಅವರದೇ. ಪಾನನಿಷೇಧ ತೆಗೆದರಲ್ಲ — ಇಲ್ಲಿ ಬಾರ್ ಮಾಡುತ್ತಾರಂತೆ. ಬರೀ ಬಾಟಲಿ ಮಾರುವುದಲ್ಲ, ಬೆಂಗಳೂರಿನ ಹಾಗೆ ಬೆರೆಸಿ ಕೊಡುವುದು. ಕಾಕ್‌ಟೇಲ್. ನಾನು ಬೆಂಗಳೂರಿಗೆ ಹೋಗಿ ಬಾರುಗಳಲ್ಲಿ ಕೂತು ಕಲಿತು ಬರಬೇಕು. ನಾನೇ ಯಾಕೆ ಎಂದೆ. ಗ್ಯಾಸು ಗೊತ್ತಿದ್ದವನಿಗೆ ಮಿಕ್ಕಿದ್ದೂ ಗೊತ್ತಾಗುತ್ತದೆ ಎಂದರು. ಹಣೆ ತುಂಬ ವಿಭೂತಿ. ತಾವು ಮಾತ್ರ ಆ ರೂಮಿನ ಹೊಸ್ತಿಲು ದಾಟುವುದಿಲ್ಲವಂತೆ.

ಆಣೆಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಅದೇ ದಿನ, ಮಧ್ಯಾಹ್ನ

ನಮ್ಮ ಮದುವೆಗೆ ಮುಂಚೆ ರಂಗವ್ವ ನನ್ನನ್ನು ಉಕ್ಕಡಗಾತ್ರಿಗೆ ಕರೆಸಿ ಅಜ್ಜಯ್ಯನ ಗದ್ದುಗೆಯ ಮುಂದೆ ಆಣೆ ಹಾಕಿಸಿದ್ದಳು. ಒಂದು ಹನಿ ನಾಲಿಗೆಗೆ ತಾಕಬಾರದು. ಅವಳಪ್ಪ ಹರಿಹರದಲ್ಲಿ ಹೊಳೆ ದಂಡೆಯ ಮೇಲೆ ಕಳ್ಳಬಟ್ಟಿ ಕುಡಿದು ಸತ್ತವನು. ಬೆಳಿಗ್ಗೆ ಕಣ್ಣು ಹೋದವು, ಸಂಜೆಗೆ ಜೀವ ಹೋಯಿತು. ಅಜ್ಜಯ್ಯನ ಆಣೆ ತಪ್ಪಿದವರು ಏನಾದರು ಎಂದು ನೂರು ಕಥೆ ಕೇಳಿದ್ದೇನೆ. ಒಂದೊಂದೂ ಈಗಲೇ ನೆನಪಾಗಬೇಕೇ…

ಹೊಸ ಮಿಷನ್ ನೋಡಲು ಹೋಗುತ್ತೇನೆ ಅನ್ನೋಣವೆಂದುಕೊಂಡೆ. ಆಗಲಿಲ್ಲ. ನಿಜವನ್ನೇ ಹೇಳಿದೆ. ಅವಳು ಬಹಳ ಹೊತ್ತು ಒಲೆ ಊದಿದಳು. ಆಮೇಲೆ —

"ನೋಡ್ರಿ, ಮೂಸ್ರಿ. ನುಂಗಬ್ಯಾಡ್ರಿ."

15-1-68, ಬೆಂಗಳೂರು

ಕಂಟೋನ್ಮೆಂಟ್ ಕಡೆಯ ಒಂದು ಬಾರ್. ಅರ್ಧ ಬಾಗಿಲು, ತಳ್ಳಿದರೆ ತಾನೇ ವಾಪಸ್ ಬಂದು ಬೆನ್ನಿಗೆ ಹೊಡೆಯುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಹೋದೆ. ಒಳಗೆ ಎಲ್ಲರೂ ಬೂಟಿನಲ್ಲೇ ಇದ್ದರು. ತಿರುಗಿ ಹೋಗಿ ಹಾಕಿಕೊಂಡರೆ ಇನ್ನೂ ನಗೆಪಾಟಲು. ಬರಿಗಾಲಲ್ಲೇ ಕೂತೆ. ಯಾರಾದರೂ ಎತ್ತಿಕೊಂಡು ಹೋದಾರೆಂದು ಕಣ್ಣೆಲ್ಲ ಬಾಗಿಲ ಮೇಲೆ.

ಒಂದು ಕಾಕ್‌ಟೇಲ್ ಎಂದೆ, ಕಾಫಿ ಹೇಳಿದ ಹಾಗೆ. ಯಾವುದು ಎಂದ ಬೇರರ್. ಪಕ್ಕದ ಟೇಬಲ್ ತೋರಿಸಿದೆ. ಸಣ್ಣ ಗ್ಲಾಸು, ಮಾಸಿದ ಗುಲಾಬಿ ಬಣ್ಣ. ಪಿಂಕ್ ಜಿನ್ ಅಂತೆ — ಜಿನ್ನಿಗೆ ಯಾವುದೋ ಕಹಿ ಕಷಾಯ ಎರಡು ಹನಿ. ಮೂಸಿದೆ. ಬರೆದುಕೊಂಡೆ. ಕುಡಿಯದೆ ಎದ್ದು ಬಂದೆ. ಸಿ.ಐ.ಡಿ. ಅಂದುಕೊಂಡರೋ ಏನೋ.

ಎರಡನೇ ಬಾರಿನಲ್ಲಿ ವಿಸ್ಕಿ-ಸೋಡ. ಸೋಡದಲ್ಲಿ ಜೀವವೇ ಇಲ್ಲ. ಇಷ್ಟು ದೊಡ್ಡ ಊರು, ಇಂಥ ಸೋಡ.

ಮೊದಲ ಬಾರಿನ ಮುಂದೆ ಚಪ್ಪಲಿ ಇದ್ದವು.

16-1-68

ಮೂರನೇದು ಹಳೇ ಬಾರ್. ಛಾವಣಿ ಎತ್ತರ, ಮೂಲೆಯಲ್ಲಿ ಕುಂಡದ ಗಿಡ. ಗಿಮ್ಲೆಟ್ ತರಿಸಿದೆ. ಜಿನ್ನು, ಸಿಹಿ ನಿಂಬೆರಸ. ಯಾರೂ ನೋಡದಾಗ ಕುಂಡಕ್ಕೆ ಸುರಿದೆ.

ನೋಡಿದ್ದರು. ಹಿದಾಯತ್ ಎಂದು, ಅಲ್ಲಿ ಪಾನೀಯ ಬೆರೆಸುವವರು, ಅರವತ್ತು ದಾಟಿದೆ, ನರೆಗಡ್ಡ, ಹಿತ್ತಾಳೆ ಗುಂಡಿಯ ಬಿಳಿ ಕೋಟು. ಬಗ್ಗಿ ಮೆಲ್ಲಗೆ ಹೇಳಿದರು — "ಆ ಗಿಡ ಸಾಹೇಬರ ಕಾಲದಿಂದ್ಲೂ ಕುಡುಕ ಸ್ವಾಮಿ. ಇನ್ನೂ ಕೆಡಿಸಬೇಡಿ."

ಎಲ್ಲ ಹೇಳಿಬಿಟ್ಟೆ. ಸೋಡ, ಆಣೆ, ರಂಗವ್ವ. ಅವರು ನಗಲಿಲ್ಲ. ಮೂವತ್ತು ವರ್ಷದಿಂದ ಬೆರೆಸುತ್ತಾರಂತೆ, ತಾವು ಒಂದು ಹನಿ ಕುಡಿದಿಲ್ಲವಂತೆ. ನಾಳೆ ಬೆಳಿಗ್ಗೆ, ಬಾಗಿಲು ತೆಗೆಯುವ ಮುಂಚೆ ಬಾ ಎಂದರು.

17-1-68

ಜಿನ್ನಿನ ಒಂದು ಹನಿ ಮುಂಗೈ ಹಿಂಭಾಗಕ್ಕೆ ಹಾಕಿ ಉಜ್ಜಬೇಕು. ಒಳ್ಳೇದಾದರೆ ಹೂವು-ಸೊಪ್ಪಿನ ವಾಸನೆ ಬಂದು ಹೊರಟುಹೋಗುತ್ತದೆ. ವಾರ್ನಿಶ್ ವಾಸನೆ ನಿಂತರೆ ಆ ಬಾಟಲಿ ಮೋರಿಗೆ. ಅವರ ಮಾತು — ನಾಲಿಗೆ ಬೇಕಿಲ್ಲ, ಮೂಗು ಸಾಕು.

ಟಾಮ್ ಕಾಲಿನ್ಸ್. ಉದ್ದ ಗ್ಲಾಸು. ಜಿನ್ನು, ನಿಂಬೆರಸ, ಸಕ್ಕರೆ ಪಾಕ, ಐಸು, ಮೇಲೆ ಸೋಡ. ಸೋಡ ಗ್ಲಾಸಿನ ಅಂಚಿನಿಂದ ನಿಧಾನ ಇಳಿಸಬೇಕು. ಅದನ್ನು ಮಾತ್ರ ನಾನೇ ಚೆನ್ನಾಗಿ ಮಾಡಿದೆ. ಈ ಟಾಮ್ ಯಾರು ಎಂದೆ. ಯಾರೋ ಸಾಹೇಬ, ಸತ್ತಿರಬೇಕು ಎಂದರು.

ಇನ್ನೊಂದು ಹೇಳಿಕೊಟ್ಟರು. ಗಿರಾಕಿ ಖುಷಿಯಾಗಿ, ನೀನೂ ಒಂದು ಕುಡಿ ಎಂದು ಹಟ ಮಾಡಿದರೆ ಅದೇ ಗ್ಲಾಸು, ಅದೇ ನಿಂಬೆ, ಅದೇ ಸೋಡ — ಜಿನ್ನು ಮಾತ್ರ ಇಲ್ಲ. ನೋಡಿದರೆ ಅಜ್ಜಯ್ಯನಿಗೂ ಗೊತ್ತಾಗದು. (ತಪ್ಪು ಬರೆದೆ. ಅಜ್ಜಯ್ಯನಿಗೆ ಗೊತ್ತಾಗುತ್ತದೆ.)

ಎದೆ ಹಗುರ. ಎಷ್ಟೋ ದಿನದ ಮೇಲೆ.

3-2-68, ದಾವಣಗೆರೆ, ಬೆಳಿಗ್ಗೆ

ನಿನ್ನೆ ಸಂಜೆ ಬಾರ್ ಶುರುವಾಯಿತು. ಮೊದಲ ಗಿರಾಕಿ ಆನೆಕೊಂಡದ ಕೆಂಚವೀರಪ್ಪ, ಲಾರಿ ಮಾಲೀಕ. ಜೊತೆಗೆ ನಾಲ್ಕು ಜನ. ಐದು ಟಾಮ್ ಕಾಲಿನ್ಸ್ ಇಟ್ಟೆ. ಯಾರೂ ಮುಟ್ಟಲಿಲ್ಲ. ಗ್ಲಾಸು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ.

"ಮಾಡಿದವ್ನು ಮೊದ್ಲು ಒಂದು ಗುಟುಕು ಹಾಕ್ಲಪ್ಪ," ಎಂದ ಕೆಂಚವೀರಪ್ಪ.

ಕಳ್ಳಬಟ್ಟಿ ಕಾಲದ ರೂಢಿ. ಕೊಡುವವನು ಕುಡಿದು ತೋರಿಸಬೇಕು, ಆಮೇಲೆ ಉಳಿದವರು. ನಾನು ಇದನ್ನು ಮರೆತೇ ಬೆಂಗಳೂರಿಗೆ ಹೋಗಿ ಬಂದಿದ್ದೆ. ಪರದೆಯ ಹಿಂದೆ ಹೋಗಿ ಹಿದಾಯತ್ ಸಾಹೇಬರು ಹೇಳಿಕೊಟ್ಟ ಜಿನ್ನಿಲ್ಲದ ಗ್ಲಾಸು ಮಾಡಿಕೊಂಡು ಬಂದೆ. ಅವರೆದುರು ಗಟಗಟ ಅರ್ಧ ಇಳಿಸಿದೆ. ಚಪ್ಪಾಳೆ ತಟ್ಟಿದರು. ಎಲ್ಲರೂ ಕುಡಿದರು.

ಆಣೆ ಉಳಿಯಿತು, ಕೆಲಸವೂ ಉಳಿಯಿತು. ರಂಗವ್ವನಿಗೆ ಹೇಳಬೇಕು. ಖುಷಿಪಡುತ್ತಾಳೆ.

ಅದೇ ದಿನ, ಮಧ್ಯಾಹ್ನ

ಹೇಳಿದೆ. ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು.

"ನಮ್ಮಪ್ಪಗೆ ಕೊಟ್ಟವ್ನೂ ಮೊದ್ಲು ತಾನು ಕುಡಿದು ತೋರ್ಸಿದ್ದ," ಎಂದಳು. "ಅವನ ಗಡಿಗಿ ಬ್ಯಾರೆ ಇತ್ತು."

ಹಂಚಿನ ಮೇಲೆ ರೊಟ್ಟಿ ಕಪ್ಪಾಯಿತು. ಇಬ್ಬರೂ ತೆಗೆಯಲಿಲ್ಲ.

7-2-68

ಮೂರು ದಿನ ಬರೆಯಲಾಗಲಿಲ್ಲ. ಕೆಂಚವೀರಪ್ಪ ನಾಲ್ಕು ದಿನದಿಂದ ಕಾಣುತ್ತಿಲ್ಲ. ಅಂದಿನ ಬಾಟಲಿ ಒಳ್ಳೇದೇ, ಮುಂಗೈಗೆ ಹಾಕಿ ನೋಡಿದ್ದೆ. ಆದರೂ ಮೂಗು ತಪ್ಪಿದ್ದರೆ? ನಾನು ಬೆಂಗಳೂರಿನ ಮೂರು ದಿನದ ಮೂಗಿನವನು.

ಸೈಕಲ್ ಮೇಲೆ ಆನೆಕೊಂಡಕ್ಕೆ ಹೋದೆ. ಮನೆ ಮುಂದೆ ಚಪ್ಪಲಿಗಳು ಬಹಳ ಇದ್ದವು. ಯಾಕೆ ಅಷ್ಟು ಚಪ್ಪಲಿ? ಕೇಳುವ ಧೈರ್ಯವಾಗದೆ ವಾಪಸ್ ಬಂದೆ. ಮಿಷನ್ ತಿರುಗಿಸುವಾಗ ಲೆಕ್ಕ ತಪ್ಪಿ ನಾಲ್ಕು ಬಾಟಲಿ ಒಡೆದವು.

8-2-68

ಬಂದ. ಗಟ್ಟಿಮುಟ್ಟಾಗಿ. ಮಲೆಬೆನ್ನೂರಿಗೆ ಭತ್ತ ತುಂಬಲು ಹೋಗಿ ನಿನ್ನೆಯಷ್ಟೇ ಬಂದನಂತೆ. ಚಪ್ಪಲಿ, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರದಂತೆ. ನನಗೆ ಅಳು ಬಂತು, ಸೋಡ ಕಣ್ಣಿಗೆ ಹಾರಿತು ಎಂದೆ.

ಬೆನ್ನು ತಟ್ಟಿದ. "ನೀನು ಕುಡೀತಿಯಲ್ಲೋ ಮಾಳಿಂಗಪ್ಪ, ಅದೇ ನಮ್ಗೆ ಧೈರ್ಯ."

ಶನಿವಾರ ಹರಿಹರದ ಫ್ಯಾಕ್ಟರಿಯ ಇಬ್ಬರನ್ನು ಕರೆತರುತ್ತಾನಂತೆ. ಧೈರ್ಯ ಎಂದ ಆ ಮಾತು ಇನ್ನೂ ಬೆನ್ನ ಮೇಲೆ ಕೂತಿದೆ.

10-2-68, ಶನಿವಾರ, ಸಂಜೆ 5

ಪರದೆಯ ಹಿಂದೆ ಕೂತು ಬರೆಯುತ್ತಿದ್ದೇನೆ. ಹಳೇ ಬಾಟಲಿಗಳು ಮುಗಿದವು. ಪಂಚಾಕ್ಷರಪ್ಪನವರು ಎಲ್ಲಿಂದಲೋ ಹೊಸ ಪೆಟ್ಟಿಗೆ ತರಿಸಿದ್ದಾರೆ. ಮುಚ್ಚಳದ ಸೀಲು ಓರೆ. ಮುಂಗೈಗೆ ಹಾಕಿ ಉಜ್ಜಿದೆ. ಕುರ್ಚಿಗೆ ಹಚ್ಚುವ ವಾರ್ನಿಶ್. ಮೂರು ಬಾಟಲಿ ನೋಡಿದೆ, ಮೂರೂ ಅದೇ.

ಹೊಸ್ತಿಲ ಆಚೆ ನಿಂತಿದ್ದ ಅವರಿಗೆ ಹೇಳಿದೆ. ಬೂಚಿನ ವಾಸನೆ ಎಂದರು. ಸೋಡ ತಿರುಗಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದೂ ಅಂದರು. ಜೋರಾಗಿ ಅಲ್ಲ. ಮೆತ್ತಗೆ.

ಕೋಣೆಗೆ ಓಡಿದೆ. ರಂಗವ್ವನ ಮೂಗಿಗೆ ಮುಂಗೈ ಹಿಡಿದೆ. ಮೂಸಿ ಮುಖ ತಿರುಗಿಸಿದಳು. ಏನು ಮಾಡಲಿ ಎಂದೆ. ಹಗ್ಗದ ಮೇಲಿನ ಸೀರೆ ಎಳೆದು ಮಡಚಿದಳು. ಆಮೇಲೆ ನನ್ನ ಅಂಗಿ.

"ನಾನು ಹಾಸಿಗೆ ಸುತ್ತಿರ್ತೀನಿ. ನೀವು ಹೇಳಿ ಬರ್ರಿ."

ಹೊರಗೆ ಕುರ್ಚಿ ಎಳೆದ ಸದ್ದು. ಬಂದಿದ್ದಾರೆ. ಕೆಂಚವೀರಪ್ಪನ ನಗು ಕೇಳುತ್ತಿದೆ, ನನ್ನ ಬಗ್ಗೆಯೇ ಹೇಳುತ್ತಿದ್ದಾನೆ — ನಮ್ಮ ಮಾಳಿಂಗಪ್ಪ ಮೊದಲು ತಾನು ಕುಡಿದೇ ಕೊಡೋದು ಎಂದು. ಆ ಇಬ್ಬರಿಗೂ ವಯಸ್ಸು ಹೆಚ್ಚಿಲ್ಲ, ದನಿ ಕೇಳಿದರೆ ಗೊತ್ತಾಗುತ್ತದೆ.

ಸಿಹಿ-ನಿಂಬೆ-ಸೋಡದ ನನ್ನ ಗ್ಲಾಸು ಕೈ ಅಭ್ಯಾಸಕ್ಕೆ ಆಗಲೇ ತಯಾರಾಗಿ ಕೂತಿದೆ. ಗುಳ್ಳೆ ಏಳುತ್ತಿವೆ. ಚೆನ್ನಾಗಿ ಬಂದಿದೆ, ಹಾಳಾದ್ದು.

ಮೋರಿಗೆ ಸುರಿದೆ.

ಕರೆಯುತ್ತಿದ್ದಾರೆ. ಬಾಟಲಿ ಕಂಕುಳಲ್ಲಿ ಇಟ್ಟುಕೊಂಡಿದ್ದೇನೆ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಹೇಳಬೇಕಾದ್ದು ಎರಡೇ ಮಾತು. ಮೊದಲು ಈ ಬಾಟಲಿಯದು. ಆಮೇಲೆ ಹೋದ ವಾರ ಶುಕ್ರವಾರ ನಿಮ್ಮೆದುರು ನಾನು ಕುಡಿದದ್ದು —