ನನ್ನನ್ನು ಮರೆತ ಬಾಗಿಲು

ಹತ್ತಿಪೇಟೆ, ಗದಗ
ಇಸವಿ ಎರಡು ಸಾವಿರದ ನೂರ ಎಂಬತ್ತೇಳು, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಸಂಜೆ ಶಟರ್ ಎಳೆದು, ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ತಿರುಗಿ ಬಂದು ಬೀಗವನ್ನೊಮ್ಮೆ ಜಗ್ಗಿ ನೋಡುವ ನನ್ನ ಹಿರಿಯರಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಕ್ಷೇಮಸಮಾಚಾರ. ಅಂಗಡಿ ಒಂದು, ಒಳಗಿನ ಸರಕು ಸಮೇತ. ಆ ಅಂಗಡಿಯ ಕರಿಕಲ್ಲಿನ ಹೊಸ್ತಿಲು; ಅದನ್ನು ಬೇರೆಯಾಗಿಯೇ ಬರೆಯುತ್ತೇನೆ, ಏಕೆಂದರೆ ಕ್ವಾರಿಗೆ ಹೋಗಿ ನಾನೇ ಆರಿಸಿ ತಂದದ್ದು. ಬೀಗದವನನ್ನು ಕರೆಸಿದ್ದಕ್ಕೆ ಮುನ್ನೂರು ರೂಪಾಯಿ. ಅವನು ಏನನ್ನೂ ತೆರೆಯದೆ ಹೋದ, ಆದರೂ ಬಂದ ಕೂಲಿ ಕೂಲಿಯೇ. ನ್ಯಾಯದ ಶುಲ್ಕ ಎರಡು ಸಾವಿರ. ಈ ಪತ್ರಕ್ಕೆ ಹಿಂದಂಚೆಯವರು ಪದಕ್ಕಿಷ್ಟು ಎಂದು ಕಿತ್ತುಕೊಂಡದ್ದು ಬೇರೆ. ಹಿಂದಂಚೆ ಎಂದರೆ ಕಾಗದವನ್ನು ಮುಂದಿನ ಊರಿಗಲ್ಲ, ಹಿಂದಿನ ಕಾಲಕ್ಕೆ ಒಯ್ಯುವ ಕಚೇರಿ. ರೂಪಾಯಿ ಎಂಬ ಹೆಸರು ನಮ್ಮಲ್ಲೂ ಉಳಿದಿದೆ, ಅದಕ್ಕೆ ಏನು ಬರುತ್ತದೆ ಎಂದು ಮಾತ್ರ ಕೇಳಬೇಡಿ. ಹದಿಮೂರನೆಯ ತಿಂಗಳು ಎಂಬುದೂ ನಿಮಗೆ ವಿಚಿತ್ರ ಅನ್ನಿಸೀತು. ಅದು ಮಳಿಗೆ ಮಾಲೀಕರ ಸಂಘದವರು ಬಾಡಿಗೆಗೋಸ್ಕರ ಹೋರಾಡಿ ಪಡೆದ ತಿಂಗಳು. ಇನ್ನೂ ಕೆಲವು ಪದಗಳು ನಿಮ್ಮ ಕಿವಿಗೆ ಅಡ್ಡ ಬಂದಾವು. ಕ್ಷಮಿಸಿ.

ನಾನು ಅಂದಾನೆಪ್ಪ ಹಡಗಲಿ. ಸಣ್ಣ ಅಂಗಡಿಗಳಿಗೆ ಬಾಗಿಲು ಮತ್ತು ಬೀಗ ಮಾರುವವನು. ತಲೆಯ ಮೇಲೆ ಚಿಲಕ, ಕೊಂಡಿ ಹೊತ್ತು ಸಂತೆಯಿಂದ ಸಂತೆಗೆ ತಿರುಗಿ, ಬಾಯಿಯನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬಂದವನು. ನಿಮ್ಮ ಶಟರುಗಳು ನಮ್ಮಲ್ಲಿ ಇಲ್ಲ. ಪೇಟೆಗೆ ಸದ್ದಿನ ತೆರಿಗೆ ಬಂದಮೇಲೆ ಬೆಳಿಗ್ಗೆ ಗಡಗಡ ಎಂದು ಶಟರ್ ಎತ್ತುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಮತ್ತೆ ಹಳೆಯ ಕದಗಳೇ ಬಂದವು. ಬೀಗದ ಕೈ ಎಂಬುದೂ ಇಲ್ಲ. ಅದು ಹೋದದ್ದು ನಿಮ್ಮ ಕಾಲದಲ್ಲೇ ಶುರುವಾದ ನಕಲಿನಿಂದ. ಮೊದಲು ಸಹಿ ನಕಲಾಯಿತು, ಆಮೇಲೆ ದನಿ, ಮುಖ, ಬೆರಳ ಗೆರೆ, ಕೊನೆಗೆ ಖರೀದಿ ಪತ್ರ, ತೆರಿಗೆ ರಸೀದಿ ಎಲ್ಲವೂ ಒಂದು ಚಹಾದ ದುಡ್ಡಿಗೆ ತಯಾರಾಗತೊಡಗಿದವು. ಒಂದೇ ಕಿರಾಣಿ ಅಂಗಡಿಗೆ ಆರು ಜನ ಮಾಲೀಕರು, ಆರೂ ಜನರ ಕೈಯಲ್ಲಿ ಅಸಲಿ ಕಾಗದ! ಆಗ ಹುಟ್ಟಿದ್ದು ರೂಢಿಬೀಗ. ಅದು ಮುಖ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮನುಷ್ಯ ಹೊಸ್ತಿಲಿಗೆ ಹೇಗೆ ಬಾಗುತ್ತಾನೆ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಾಗ ಬೆರಳಿನ ಭಾರ ಎಷ್ಟು, ಯಾವ ಕಾಲು ಮುಂದಿಡುತ್ತಾನೆ, ಉಸಿರನ್ನು ಎಲ್ಲಿ ಬಿಡುತ್ತಾನೆ, ಇದನ್ನೆಲ್ಲ ದಿನವೂ ಕಲಿಯುತ್ತಾ ಹೋಗುತ್ತದೆ. ಒಂದು ದಿನದ ನಟನೆಯನ್ನು ನಕಲು ಮಾಡಬಹುದು. ವರ್ಷಗಟ್ಟಲೆಯ ರೂಢಿಯನ್ನು ನಕಲು ಮಾಡುವ ಕಳ್ಳ ಇನ್ನೂ ಹುಟ್ಟಿಲ್ಲ.

ಅದರಲ್ಲಿ ಇನ್ನೊಂದು ಗುಣವಿತ್ತು. ಮೂರು ವರ್ಷ ಬಾಗಿಲು ತೆರೆಯದವರನ್ನು ಅದು ತಾನಾಗಿಯೇ ಮರೆಯುತ್ತದೆ. ನಿಮ್ಮಲ್ಲಿ ಕೆಲಸದವನನ್ನು ಬಿಡಿಸಿದರೆ ಕೀಲಿ ಬದಲಿಸಬೇಕು, ಪಾಲುದಾರ ಜಗಳವಾಡಿ ಹೋದರೆ ಬೀಗವನ್ನೇ ಬದಲಿಸಬೇಕು, ಆದರೆ ಬದಲಿಸುವವರು ಹತ್ತರಲ್ಲಿ ಇಬ್ಬರು ಎಂದು ಕೇಳಿದ್ದೇನೆ. ನಮ್ಮಲ್ಲಿ ಆ ಚಿಂತೆಯಿಲ್ಲ. ‘ಬಿಟ್ಟು ಹೋದಾಂವನ್ನ ನೀವು ಮರೀದಿದ್ರೂ ನಮ್ಮ ಬೀಗ ಮರೀತೈತ್ರಿ’ ಎಂದು ನಾನು ಅಂಗಡಿ ಅಂಗಡಿಗೆ ಹೋಗಿ ಹೇಳಿದೆ. ಈ ಒಂದು ಮಾತಿನ ಮೇಲೆ ನಾನೂರು ಬಾಗಿಲು ಮಾರಿದೆ. ಜೊತೆಗೆ ಲಿಖಿತ ಖಾತರಿ: ಬೀಗದ ಹೊರತು ಈ ಬಾಗಿಲಿಗೆ ಬೇರೆ ದಾರಿಯಿಲ್ಲ, ಇದ್ದರೆ ಹಣ ದುಪ್ಪಟ್ಟು ವಾಪಸು.

ಹೀಗೆ ಊರೆಲ್ಲ ತಿರುಗುವವನಿಗೆ ಬೆಳಿಗ್ಗೆ ತನ್ನ ಅಂಗಡಿ ತೆರೆಯುವ ಪುರಸೊತ್ತು ಎಲ್ಲಿಂದ ಬರಬೇಕು? ಆ ಕೆಲಸ ಫಕ್ಕೀರವ್ವನದು. ಶಿರಹಟ್ಟಿ ಕಡೆಯ ಹೆಣ್ಣುಮಗಳು, ನನ್ನಲ್ಲಿ ಮಾರಾಟಕ್ಕೆಂದು ಸೇರಿ ಒಂಬತ್ತು ವರ್ಷ. ಕಸ ಹೊಡೆದು, ನೀರು ಚಿಮುಕಿಸಿ, ಹೊಸ್ತಿಲಿಗೆ ಎರಡೆಳೆ ರಂಗೋಲಿ ಎಳೆದು, ಮುಟ್ಟಿ ಕಣ್ಣಿಗೊತ್ತಿಕೊಂಡು ಬಾಗಿಲು ತೆರೆಯುತ್ತಿದ್ದಳು. ನಾನು ಬರುವ ಹೊತ್ತಿಗೆ ಬೋಣಿಯಾಗಿ, ಗಾದಿ ಬೆಚ್ಚಗಾಗಿರುತ್ತಿತ್ತು. ಇದಕ್ಕಿಂತ ಸುಖ ಬೇಕೇ?

ಕಳೆದ ತಿಂಗಳು ಒಂದು ಬೆಳಿಗ್ಗೆ ಹುಲಕೋಟಿಯ ಗಿರಾಕಿಗೆ ಮಾದರಿ ಬೀಗ ತೋರಿಸಬೇಕಿತ್ತು. ಫಕ್ಕೀರವ್ವ ಬರುವ ಮೊದಲೇ ಹೋಗಿ ಹೊಸ್ತಿಲಿಗೆ ಬಾಗಿದೆ. ಬಾಗಿಲು ತೆರೆಯಲಿಲ್ಲ. ಮತ್ತೆ ಬಾಗಿದೆ. ಚಪ್ಪಲಿ ಬಿಟ್ಟು ಬಾಗಿದೆ. ಟೊಪ್ಪಿಗೆ ತೆಗೆದು ಬಾಗಿದೆ. ನನ್ನ ಸ್ವಂತ ಅಂಗಡಿಯ ಮುಂದೆ ಹರಕೆ ಹೊತ್ತವನ ಹಾಗೆ ಏಳುವುದು, ಬಾಗುವುದು. ಬೀಗದವ ಮೌಲಾಸಾಬನನ್ನು ಕರೆಸಿದೆ. ಗದುಗಿನಲ್ಲಿ ಕೈಯಲ್ಲಿ ಹತ್ಯಾರ ಹಿಡಿದು ಬೀಗ ಬಿಚ್ಚಬಲ್ಲವನು ಈಗ ಅವನೊಬ್ಬನೇ. ಅವನು ಕಿವಿ ಹಚ್ಚಿ ಕೇಳಿ, ಮೂಗಿನ ಮೇಲೆ ಕನ್ನಡಕ ಏರಿಸಿ ನನ್ನನ್ನೇ ನೋಡಿದ.

‘ಬೀಗ ಕೆಟ್ಟಿಲ್ರೀ ಸಾಹುಕಾರ್ರ. ಭಾಳ ಛಲೋ ಐತಿ. ನಿಮ್ಮ ಗುರ್ತ ಇಲ್ಲ ಅಂತೈತಿ, ಅಷ್ಟ.’

‘ಗುರ್ತ ಇಲ್ಲ ಅಂದ್ರ? ನಾನ ಹಾಕಿಸಿದ ಬೀಗಪಾ ಇದು!’

‘ಹಾಕ್ಸಿದವ್ರ ಲೆಕ್ಕಾ ಅದಕ್ಕ ಬೇಕಾಗಿಲ್ರೀ. ತಗದವ್ರ ಲೆಕ್ಕಾ ಅಷ್ಟ ಇಡತೈತಿ.’

ಅಷ್ಟರಲ್ಲಿ ಪೇಟೆಯ ಜನ ಸೇರಿದ್ದರು. ಹೆಚ್ಚಿನವರು ನನ್ನ ಗಿರಾಕಿಗಳೇ. ಪಾತ್ರೆ ಮಾರುವ ಬಾಂಡೆ ಅಂಗಡಿಯ ನೀಲಕಂಠಪ್ಪ ನಗೆ ತಡೆಯಲಾರದೆ ಕೂಗಿದ: ‘ಅಂದಾನೆಪ್ಪಣ್ಣ, ಸಿಟ್ಟಾದ ಅಳಿಯಾ ಮಾವನ ಮನೀ ಮುಂದ ನಿಂತಂಗ ನಿಂತೀಯಲ್ಲೋ! ಕರದ್ರ ಒಳಗ ಹೋಗ್ತಿಯೇನು?’ ಮೌಲಾಸಾಬ ನನ್ನ ಹತ್ತಿರ ಬಗ್ಗಿ, ಬಾಗಿಲಿನ ಎಡಗಡೆಗೆ ಕಣ್ಣಿನಲ್ಲೇ ತೋರಿಸಿ, ‘ತಗೀಲೇನು?’ ಎಂದ. ನಾನು ಅವನ ಕೈ ಹಿಡಿದುಕೊಂಡೆ.

ಅವನು ತೋರಿಸಿದ್ದು ಬಿಜಾಗರಿಯನ್ನು, ಅಂದರೆ ಕದವನ್ನು ಚೌಕಟ್ಟಿಗೆ ಕೂಡಿಸಿ ತಿರುಗಿಸುವ ಕೀಲನ್ನು. ಇದನ್ನು ನಿಮಗೆ ಬಿಡಿಸಿ ಹೇಳಬಹುದು. ನೀವು ನನ್ನ ಗಿರಾಕಿಗಳಲ್ಲ. ಪೇಟೆಯ ಅಂಗಡಿಗಳು ಇಕ್ಕಟ್ಟು, ಬಾಡಿಗೆ ಮೊಳದ ಲೆಕ್ಕ. ಒಳಗೆ ತೆರೆಯುವ ಕದ ಎರಡು ಮೊಳ ಜಾಗ ತಿನ್ನುತ್ತದೆ. ಆದ್ದರಿಂದ ನಾನು ಮಾರಿದ ಕದಗಳೆಲ್ಲ ಹೊರಕ್ಕೆ ತೆರೆಯುವಂಥವು. ಹೊರಕ್ಕೆ ತೆರೆಯುವ ಕದಕ್ಕೆ ಬಿಜಾಗರಿಯೂ ಹೊರಗೇ ಇರುತ್ತದೆ. ಬಿಜಾಗರಿಯ ನಡುವೆ ಒಂದು ಕಡ್ಡಿ. ಒಂದು ಮೊಳೆ, ಒಂದು ಸುತ್ತಿಗೆ, ಮೂರು ಪೆಟ್ಟು. ಕಡ್ಡಿ ಮೇಲೆ ಬರುತ್ತದೆ, ಕದ ಬೀಗದ ಕಡೆ ಮುಚ್ಚಿಕೊಂಡೇ ಇನ್ನೊಂದು ಕಡೆಯಿಂದ ಕೈಗೆ ಬರುತ್ತದೆ. ನಮ್ಮ ಕಾಲದ ಕಳ್ಳರು ನಕಲಿನ ಕಸುಬು ಹಿಡಿದು ಸುತ್ತಿಗೆ ಮರೆತರು ಎಂಬ ಒಂದೇ ಕಾರಣಕ್ಕೆ ನನ್ನ ನಾನೂರು ಬಾಗಿಲುಗಳು ಭದ್ರವಾಗಿದ್ದವು. ಬಿಜಾಗರಿ ಎಲ್ಲರ ಕಣ್ಣೆದುರಿಗೇ ಇತ್ತು. ಜನ ನೋಡುವುದು ಬೀಗವನ್ನು. ಅಷ್ಟು ಗಿರಾಕಿಗಳ ಎದುರಿಗೆ ಮೌಲಾಸಾಬ ಸುತ್ತಿಗೆ ಎತ್ತಿದ್ದರೆ? ನಾನೂರು ಬಾಗಿಲು, ದುಪ್ಪಟ್ಟು ಹಣ.

ಆದ್ದರಿಂದ ಜನರ ಕಡೆ ತಿರುಗಿ, ‘ನೋಡ್ರೆಪಾ! ಮಾಲಕಗ ಬಗ್ಗದ ಬೀಗ ಕಳ್ಳಗ ಬಗ್ಗತೈತೇನು?’ ಎಂದೆ. ಅಲ್ಲಿಯೇ ಇಬ್ಬರು ಹೊಸದಾಗಿ ಮುಂಗಡ ಕೊಟ್ಟರು. ದೇವರಾಣೆಗೂ ಕೊಟ್ಟರು. ಆಗ ಫಕ್ಕೀರವ್ವ ಬಂದಳು. ಹೊಸ್ತಿಲು ಮುಟ್ಟಿದಳು, ಬಾಗಿಲು ಸಾಕಿದ ಹಸುವಿನಂತೆ ತೆರೆದುಕೊಂಡಿತು. ‘ಅಯ್ಯ, ಹೊರಗ್ಯಾಕ ನಿಂತೀರಿ? ಬರ್ರಿ ಒಳಗ’ ಎಂದಳು. ನನ್ನ ಅಂಗಡಿಗೆ ನನ್ನನ್ನು ಕರೆದಳು. ನಾನು ಹೋದೆ ಕೂಡ.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಾಗದಕ್ಕೆ ಬೆಲೆ ಹೋದಮೇಲೆ ನಮ್ಮಲ್ಲಿ ಮಾಲೀಕತ್ವಕ್ಕೆ ಬಾಗಿಲೇ ಸಾಕ್ಷಿ. ಬಾಗಿಲು ಯಾರನ್ನಾದರೂ ಮೂರು ಸಲ ನಿರಾಕರಿಸಿದರೆ ಸುದ್ದಿ ತಾನಾಗಿಯೇ ಬಾಗಿಲಕಟ್ಟೆಗೆ, ಅಂದರೆ ಅಂಗಡಿಗಳ ನ್ಯಾಯ ನೋಡುವ ಕಚೇರಿಗೆ, ಹೋಗುತ್ತದೆ. ಮರುವಾರವೇ ಒಬ್ಬ ಅಧಿಕಾರಿಣಿ ಬಂದು ನಮ್ಮಿಬ್ಬರನ್ನೂ ಹೊಸ್ತಿಲ ಮುಂದೆ ನಿಲ್ಲಿಸಿದರು. ನಾನು ಬಾಗಿದೆ, ಇಲ್ಲ. ಅವಳು ಬಾಗಿದಳು, ತೆರೆಯಿತು. ‘ಅಂಗಡಿ ನಿನ್ನದೇನಮ್ಮ?’ ಎಂದು ಕೇಳಿದಾಗ ಫಕ್ಕೀರವ್ವ ನನ್ನ ಕಡೆ ನೋಡಲಿಲ್ಲ. ‘ದಿನಾ ನಾನ ತಗೀತೀನ್ರಿ. ಬ್ಯಾರೆ ನನಗೇನೂ ಗೊತ್ತಿಲ್ಲ’ ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ನನ್ನನ್ನು ಕೊಂದದ್ದು.

ಅಧಿಕಾರಿಣಿ ಕಾನೂನಿನಂತೆ ಕೊನೆಯ ಪ್ರಶ್ನೆ ನನಗೆ ಕೇಳಿದರು: ಬೀಗದ ಹೊರತು ಈ ಬಾಗಿಲಿಗೆ ಬೇರೆ ದಾರಿ ಇದೆಯೇ? ಇದ್ದರೆ ಬಾಗಿಲ ಸಾಕ್ಷಿ ಅನೂರ್ಜಿತ. ಆಗ ನೆರೆಯವರ ಮಾತಿನ ಮೇಲೆ ತೀರ್ಪು. ನೆರೆಯವರೆಲ್ಲ ಬೆನ್ನ ಹಿಂದೆಯೇ ನಿಂತಿದ್ದರು, ಇದು ಅಂದಾನೆಪ್ಪನದು ಎನ್ನಲು ಸಿದ್ಧರಾಗಿ. ‘ಬಿಜಾಗರಿ ಹೊರಗಿದೆ’ ಎಂದರೆ ಸಾಕಿತ್ತು, ಅಂಗಡಿ ನನ್ನದು. ಆದರೆ ಆ ನೆರೆಯವರೇ ಗಿರಾಕಿಗಳು, ಖಾತರಿ ಅವರ ಜೇಬಿನಲ್ಲಿ. ಮೂವತ್ತು ವರ್ಷ ಕೂಡಿಸಿ ಕಳೆದ ತಲೆ ನನ್ನದು. ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಮಾಡಿತು. ಅಂಗಡಿ ಹೋದರೆ ಒಂದು ಅಂಗಡಿ. ಹೆಸರು ಹೋದರೆ ಮನೆ, ಹೊಲ, ಊರು. ‘ಬ್ಯಾರೆ ದಾರಿ ಇಲ್ರೀ’ ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಚಹಾ ಆರುವ ಮೊದಲೇ ಅಂಗಡಿ ಫಕ್ಕೀರವ್ವನ ಹೆಸರಿಗಾಯಿತು.

ಮರುದಿನ ನಾನು ಅವಳಲ್ಲಿ ಒಂದೇ ಕೇಳಿದೆ: ಬೆಳಿಗ್ಗೆ ಬಾಗಿಲು ನಾನು ತೆರೆಯುತ್ತೇನೆ, ಬೀಗಕ್ಕೆ ನನ್ನ ಗುರುತು ಹತ್ತುವವರೆಗೆ ನೀನು ಪಕ್ಕದಲ್ಲಿ ನಿಲ್ಲು. ನನ್ನ ಯೋಚನೆ ಅವಳಿಗೆ ತಿಳಿಯದೆ ಹೋದೀತೇ? ಮೂರು ವರ್ಷ ನಾನೇ ತೆರೆದರೆ ಬೀಗ ಅವಳನ್ನು ಮರೆತು, ಬಾಗಿಲು ಮತ್ತೆ ನನ್ನದೇ. ಅವಳು ನಕ್ಕಳು. ‘ಒಳಗ ಬಂದು ಕುಂಡ್ರಿ, ಗಾದಿ ಮ್ಯಾಲ ಕುಂಡ್ರಿ. ಬಾಗಲಾ ಮಾತ್ರ ನಾನ ತಗೀತೀನಿ.’ ನಾನೇ ಕಲಿಸಿದ ವ್ಯಾಪಾರ!

ಪೇಟೆಯಲ್ಲಿ ಈಗ ಏನಾಗಿದೆ ಎಂದರೆ, ಹತ್ತು ಗಂಟೆಗೆ ಮೊದಲು ಮಂಚ ಇಳಿಯದ ಸಾಹುಕಾರರೆಲ್ಲ ಕೋಳಿ ಕೂಗುವ ಮೊದಲೇ ಪೊರಕೆ ಹಿಡಿದು ತಮ್ಮ ತಮ್ಮ ಹೊಸ್ತಿಲ ಮೇಲೆ ಇದ್ದಾರೆ. ನೀಲಕಂಠಪ್ಪನಿಗೆ ರಂಗೋಲಿ ಬಾರದು. ಬಾಗಿಲು ಅನುಮಾನಪಟ್ಟೀತೆಂದು ಹೆಂಡತಿಯ ಹತ್ತಿರ ಕಲಿಯುತ್ತಿದ್ದಾನೆ.

ಆದರೆ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ ಸಂಗತಿ ಇದ್ಯಾವುದೂ ಅಲ್ಲ. ಅಂಗಡಿಯ ಜೊತೆ ಖಾತರಿಯ ಹೊರೆಯೂ ಫಕ್ಕೀರವ್ವನ ತಲೆಗೆ ಬಂದಿತ್ತು. ನಿನ್ನೆ ಅವಳು ಪೇಟೆಯವರನ್ನೆಲ್ಲ ಕರೆಸಿದಳು. ಎಲ್ಲರೆದುರಿಗೆ ಮೌಲಾಸಾಬನ ಕೈಯಿಂದ ತನ್ನ ಬಾಗಿಲಿನ ಕಡ್ಡಿ ಎಬ್ಬಿಸಿ, ಕದವನ್ನು ಕಿತ್ತು ಗೋಡೆಗೆ ಒರಗಿಸಿದಳು. ‘ನೋಡ್ರಿ, ಬಿಜಾಗ್ರಿ ಹೊರಗ ಅದಾವ. ನಮ್ಮ ಅಂಗಡೀದ ತಪ್ಪ. ದುಪ್ಪಟ್ಟು ರೊಕ್ಕಾ ಬೇಕಂದವ್ರು ಒಯ್ಯಿರಿ, ಕಂತಿನ್ಯಾಗ ಕೊಡ್ತೀನಿ. ಇಲ್ಲಾ, ಕದದ ಅಂಚಿಗೆ ಎರಡು ಉಕ್ಕಿನ ಗೂಟಾ ಹಾಕಿಸ್ತೀನಿ. ಮುಚ್ಚಿದಾಗ ಚೌಕಟ್ಟಿನ್ಯಾಗ ಹೋಗಿ ಕುಂಡ್ರತಾವ, ಕಡ್ಡಿ ಕಿತ್ರೂ ಕದಾ ಅಳ್ಳಾಡಂಗಿಲ್ಲ. ಅರ್ಧಾ ಖರ್ಚು ನಂದು, ಅರ್ಧಾ ನಿಮ್ದು.’

ಕಲ್ಲು ಬೀಳುತ್ತವೆ ಎಂದುಕೊಂಡೆ. ನೀಲಕಂಠಪ್ಪ ತಲೆ ಕೆರೆದುಕೊಂಡು, ‘ನಂದು ಮೊದ್ಲ ಮಾಡಬೇ ಯವ್ವಾ, ಬಾಂಡೆ ಸರಕು ಬಂದೈತಿ’ ಎಂದ. ಹಣ ಕೇಳಿದವರು ಏಳು ಜನ. ಏಳೇ! ಉಳಿದವರೆಲ್ಲ ಗೂಟಕ್ಕೆ ಹೆಸರು ಬರೆಸಿದರು. ಜನ ಚದುರಿದ ಮೇಲೆ ಫಕ್ಕೀರವ್ವ ಕೇಳಿದಳು: ‘ಅವತ್ತ ಈ ಮಾತ ನೀವ ಅಂದಿದ್ರ ಅಂಗಡಿ ನಿಮಗ ಉಳೀತಿತ್ತು. ಯಾಕ ಅನ್ಲಿಲ್ರೀ?’ ನಾನು ಗೋಡೆಗೆ ಒರಗಿಸಿದ್ದ ಕದದ ಒಂದು ತುದಿ ಎತ್ತಿ ಹಿಡಿದೆ. ನಾನು ಮಾಡಿದ ಲೆಕ್ಕದಲ್ಲಿ ನಾನೂರು ಬಾಗಿಲುಗಳಿದ್ದವು. ಅವುಗಳ ಹಿಂದಿನ ಮನುಷ್ಯರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಿರಿಯರೇ, ಇನ್ನು ನನ್ನ ಬಿನ್ನಹ. ನಿಮ್ಮ ಅಂಗಡಿಯ ಬೀಗ ಎಷ್ಟು ದೊಡ್ಡದೆಂದು ನೋಡುವ ಮೊದಲು ಅದು ನೇತಾಡುವ ಕೊಂಡಿ ನೋಡಿ, ಚೌಕಟ್ಟಿನ ಕಟ್ಟಿಗೆ ಒತ್ತಿ ನೋಡಿ, ಬಿಜಾಗರಿ ಯಾವ ಕಡೆ ಇದೆ ನೋಡಿ. ಕೆಲಸ ಬಿಟ್ಟವರು ಕೀಲಿ ಮರಳಿಸಿದರೂ ಬೀಗ ಬದಲಿಸಿ, ಕೀಲಿಗೂ ನಕಲೆಂಬ ಮಕ್ಕಳಾಗಿರುತ್ತವೆ. ಮಾರಿದ ಸರಕಿನಲ್ಲಿ ತೂತು ಕಂಡರೆ ಗಿರಾಕಿಗೆ ನೀವೇ ತೋರಿಸಿ, ಬೇರೆಯವರು ತೋರಿಸಿ ಅವನ ನಂಬಿಕೆ ಗಳಿಸುವ ಮೊದಲು. ಪದಕ್ಕೆ ಕಾಸು ಏರುತ್ತಿದೆ, ಆದ್ದರಿಂದ ಯಾರಿಗೇನು ದಕ್ಕಿತು ಎಂದು ಬರೆದು ಕೈ ಮುಗಿಯುತ್ತೇನೆ.

ಫಕ್ಕೀರವ್ವನಿಗೆ ಅಂಗಡಿ, ಮತ್ತು ಪೇಟೆಯ ನಂಬಿಕೆ. ಮೌಲಾಸಾಬನಿಗೆ ಎರಡು ವರ್ಷಕ್ಕಾಗುವಷ್ಟು ಗೂಟದ ಕೆಲಸ. ಏಳು ಜನಕ್ಕೆ ದುಪ್ಪಟ್ಟು ಹಣ, ಕಂತಿನಲ್ಲಿ. ಪೇಟೆಗೆ ಗಟ್ಟಿ ಬಾಗಿಲುಗಳು. ನನಗೆ ಫಕ್ಕೀರವ್ವನ ಅಂಗಡಿಯಲ್ಲಿ ತಿರುಗಾಟದ ಮಾರಾಟಗಾರನ ಕೆಲಸ, ಸಂಬಳದ ಮೇಲೆ.