ಏಳೋ ಹನ್ನೊಂದೋ

ನವೆಂಬರ್ 4, ಸೋಮವಾರ

ನಾನು ಬರೆದ ರೋಗಿಗಳ ಪಾಳಿಪಟ್ಟಿಯ ಕಾಲಂ ಮತ್ತೆ ಸೊಟ್ಟ. ಹೆಸರಿಗೆ ಇಷ್ಟು ಜಾಗ ಬಿಡು ಎಂದರೆ ಪ್ರೋಗ್ರಾಂ ಬಿಡುತ್ತದೆ, ಆದರೆ ಅದರ ಲೆಕ್ಕವೇ ಬೇರೆ — ನಮ್ಮೂರವರ ಹೆಸರೆಲ್ಲ ಅರಬ್ಬಿಯಲ್ಲಿ, ಒಂದು ಅರಬ್ಬಿ ಅಕ್ಷರವನ್ನು ಎರಡೆಂದು ಎಣಿಸುತ್ತದೆ. ಉದ್ದ ಹೆಸರಿನವರ ಮುಂದಿನದೆಲ್ಲ ಎಲ್ಲೆಲ್ಲಿಗೋ ಜರುಗುತ್ತದೆ. ಬೆಳಗಿನಿಂದ ಇದೇ ಕೆಲಸ. ಕೊನೆಗೆ ಗಂಟೆಯ ಕಾಲಂ ತಂದು ಹೆಸರಿನ ಪಕ್ಕಕ್ಕೇ ಇಟ್ಟೆ. ಈಗ ನೆಟ್ಟಗಿದೆ.

ನಮ್ಮ ಡಯಾಲಿಸಿಸ್ ಕೇಂದ್ರದ ನರ್ಸುಗಳ ಕೋಣೆಗೆ ಹೊಸ ಕಂಪ್ಯೂಟರ್ ಬಂದಿದೆ, ಹಳೆಯದು ಸತ್ತಿತ್ತು. ನರ್ಸ್ ಬಯ್ಯಾಗೆ ತೋರಿಸಿಕೊಟ್ಟೆ. ಕಪ್ಪು ಪರದೆಯ ಮೇಲೆ ಒಂದು ಪದ ಬಡಿದರೆ ಸಾಕು, ನಾಳಿನ ರೋಗಿಗಳೆಲ್ಲ ಸಾಲಾಗಿ ಬರುತ್ತಾರೆ — ಹೆಸರು, ಗಂಟೆ, ಯಂತ್ರ.

"ಬಣ್ಣ ಇಲ್ಲ, ಚಿತ್ರ ಇಲ್ಲ. ಏನೇ ಓಲ್ಫಾ ಇದು, ಮೀನಂಗಡಿ ಚೀಟಿ ಥರ?"

"ಬೇಗ ಸಿಗುತ್ತಲ್ಲ, ಸಾಕು ಬಿಡೇ."

"ನಿನ್ ಮದ್ವೆ ಕಾಗದಾನೂ ಹೀಗೇ ಹಾಕಿಸ್ತೀಯೋ ಏನೋ."

ಇಬ್ಬರೂ ನಕ್ಕೆವು.

ನವೆಂಬರ್ 7, ಗುರುವಾರ

ಚಳಿಗಾಲ ಬಂತು, ಕೆರ್ಕೆನ್ನಾ ದ್ವೀಪಕ್ಕೆ ಹೋಗುವ ಸಂಜೆಯ ಫೆರಿ ಬೇಗ ಬಿಡುತ್ತದೆ. ಫರ್ಹಾತ್ ಅಜ್ಜ — ನಮ್ಮ ರೋಗಿ, ಆ ದ್ವೀಪದಲ್ಲಿ ಆಕ್ಟೋಪಸ್ ಹಿಡಿಯುವವರು, ನರ್ಸುಗಳಿಗೆಲ್ಲ ಅಡ್ಡಹೆಸರು ಇಟ್ಟವರು — ಮಧ್ಯಾಹ್ನ ಮೂರರ ಪಾಳಿ ಮುಗಿಸಿ ಹೋದರೆ ಫೆರಿ ಸಿಗುವುದಿಲ್ಲ. ನಾಳೆಯಿಂದಲೇ ಅವರನ್ನು ಬೆಳಗಿನ ಪಾಳಿಗೆ ಹಾಕಿದೆ. ಏಳರಿಂದ ಹನ್ನೊಂದು.

ಬಯ್ಯಾ ಸಂಜೆ ಫೋನ್ ಮಾಡಿ ಅವರ ಹೆಂಡತಿ ಮಬ್ರೂಕಾಗೆ ತಿಳಿಸಿದಳಂತೆ. ನಾಳೆ ಬಯ್ಯಾಗೆ ರಜೆ.

ನವೆಂಬರ್ 9, ಶನಿವಾರ

ಫರ್ಹಾತ್ ಅಜ್ಜ ಆಸ್ಪತ್ರೆಯಲ್ಲಿ. ಐಸಿಯು.

ನಿನ್ನೆ ಹನ್ನೊಂದಕ್ಕೆ ಬಂದರಂತೆ. ಅವರ ಯಂತ್ರದ ಪಾಳಿ ಮುಗಿದಿತ್ತು, ಮುಂದಿನವರು ಮಲಗಿಯಾಗಿತ್ತು. ನಾಳೆ ಬನ್ನಿ ಎಂದು ಯಾರೋ ಕಳಿಸಿಬಿಟ್ಟರು. ರಾತ್ರಿ ದ್ವೀಪದ ಮನೆಯಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಬಿದ್ದಿದ್ದಾರೆ. ದೋಣಿಯಲ್ಲಿ ತಂದರು.

ಡಾಕ್ಟರ್ ರಿದಾ, ನಮ್ಮ ಕೇಂದ್ರದ ಮುಖ್ಯಸ್ಥರು, ನನ್ನನ್ನೂ ಬಯ್ಯಾಳನ್ನೂ ಕರೆಸಿದರು.

"ಓಲ್ಫಾ, ನಿನ್ನ ಪ್ರೋಗ್ರಾಂ ಏನು ಹೇಳುತ್ತೆ?"

ನನ್ನ ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದೆ. 7-11.

"ನನಗೆ ಹನ್ನೊಂದು ಕಾಣ್ತು ಡಾಕ್ಟ್ರೇ," ಎಂದಳು ಬಯ್ಯಾ. "ಸಾಲಿನಲ್ಲಿ ಮೊದಲನೇ ಅಂಕೆ ಹನ್ನೊಂದೇ ಇತ್ತು. ಕಣ್ಣಾರೆ ಕಂಡಿದೀನಿ."

"ಏಳು ಅಂತಿದೆ ಕಣೇ," ಎಂದೆ. ಇದ್ದದ್ದನ್ನೇ ಹೇಳಿದೆ.

ಹೇಳುವವರೆಗೆ ಕೆಲಸಕ್ಕೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದರು. ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ.

ನವೆಂಬರ್ 12, ಮಂಗಳವಾರ

ತಲೆ ಕೆಟ್ಟಿದೆ.

ನರ್ಸುಗಳ ಕೋಣೆಗೆ ಹೋಗಿ ಅದೇ ಪದ ಬಡಿದು, ಕಳೆದ ಶುಕ್ರವಾರದ ಪಟ್ಟಿಯಲ್ಲಿ ಫರ್ಹಾತ್ ಅಜ್ಜನ ಸಾಲು ತೆಗೆದೆ. 11-7. ಅಲ್ಲ... ಮತ್ತೆ ಬಡಿದೆ. 11-7. ಓಡಿ ನನ್ನ ಮೇಜಿಗೆ ಬಂದೆ. 7-11. ಪ್ರೋಗ್ರಾಂ ಅದೇ, ಸಾಲು ಅದೇ. ಯಾರೂ ಏನನ್ನೂ ಮುಟ್ಟಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅರ್ಥವಾಯಿತು — ಅಥವಾ ಆಯಿತು ಅಂದುಕೊಂಡೆ. ನನ್ನದು ಹಳೇ ಪರದೆ. ಅದಕ್ಕೆ ಅರಬ್ಬಿ ಬರುವುದಿಲ್ಲ. ಅಕ್ಷರಗಳನ್ನು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಎಡದಿಂದ ಜೋಡಿಸುತ್ತದೆ. ಓದಿ ಓದಿ ನನಗೆ ಅಭ್ಯಾಸವಾಗಿದೆ. ಹೊಸದಕ್ಕೆ ಅರಬ್ಬಿ ಬರುತ್ತದೆ, ಅರಬ್ಬಿ ಬರೆಯಬೇಕಾದ ಹಾಗೆಯೇ ಬಲದಿಂದ ಎಡಕ್ಕೆ ಬರೆಯುತ್ತದೆ. ಗಂಟೆಯನ್ನು ಹೆಸರಿನ ಪಕ್ಕಕ್ಕೆ ತಂದಿಟ್ಟವಳು ನಾನೇ. ಹೆಸರಿನ ಜೊತೆ ಅಂಕೆಗಳೂ ತಿರುಗಿ ನಿಂತಿವೆ — ಏಳು ಬಲಕ್ಕೆ, ಹನ್ನೊಂದು ಎಡಕ್ಕೆ. ಬಲದಿಂದ ಓದಿದರೆ ಸರಿಯಾಗೇ ಇದೆ. ಏಳರಿಂದ ಹನ್ನೊಂದು.

ಆದರೆ ಅಂಕೆಯನ್ನು ಯಾರು ಬಲದಿಂದ ಓದುತ್ತಾರೆ?

ನಮ್ಮ ಪಾಳಿ ಶುರುವಾಗುವುದೇ ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ. ನರ್ಸುಗಳು ನೋಡುವುದು ಶುರುವಿನ ಅಂಕೆಯನ್ನಷ್ಟೇ, ತಿರುಗಿಸಿ ಓದಿದರೂ ನಂಬುವಂಥ ಗಂಟೆಯೇ ಸಿಗುತ್ತದೆ. ಉಳಿದ ರೋಗಿಗಳಿಗೆ ತಮ್ಮ ಹೊತ್ತು ಬಾಯಿಪಾಠ. ಬದಲಾದದ್ದು ಫರ್ಹಾತ್ ಅಜ್ಜನದೊಂದೇ.

ಮನೆಗೆ ಬಂದು ಚೀಟಿಯ ಮೇಲೆ ಅರಬ್ಬಿಯಲ್ಲಿ ಅಜ್ಜನ ಹೆಸರು, ಪಕ್ಕದಲ್ಲಿ 11-7 ಬರೆದು ಅಮ್ಮನ ಮುಂದೆ ಹಿಡಿದೆ.

"ಏಳರಿಂದ ಹನ್ನೊಂದು. ಯಾಕೆ?"

ತಮ್ಮ ಸೂಪಿನ ಬಟ್ಟಲಿಂದ ತಲೆ ಎತ್ತಿದ. "ಹನ್ನೊಂದರಿಂದ ಏಳು ಕಣಮ್ಮಾ. ಕಣ್ಣು ಕಾಣಲ್ವಾ?"

"ನಿನಗೆ ಓದೋಕೆ ಕಲಿಸಿದೋಳು ನಾನು ಕಣೋ!"

"ಲೆಕ್ಕ ಕಲಿಸಿದ್ದು ಮೇಷ್ಟ್ರು!"

ಇಬ್ಬರೂ ಜಗಳಕ್ಕೆ ಬಿದ್ದರು. ನಾನು ಚೀಟಿ ನೋಡುತ್ತ ಕೂತೆ. ಮೊದಲು ಎಡದಿಂದ ಓದಿದೆ, ಆಮೇಲೆ ಬಲದಿಂದ. ಈಗ ನಾನು ಯಾವ ಕಡೆಯಿಂದ ಓದುವವಳು ಎಂಬುದೇ ಮರೆತುಹೋಗಿದೆ.

ನವೆಂಬರ್ 14, ಗುರುವಾರ

ಡಾಕ್ಟರ್ ರಿದಾ ಅವರನ್ನು ಬಲವಂತ ಮಾಡಿ ನರ್ಸುಗಳ ಕೋಣೆಗೆ ಕರೆದುಕೊಂಡು ಹೋದೆ.

"ಓದಿ ಡಾಕ್ಟ್ರೇ."

"ಹನ್ನೊಂದರಿಂದ ಏಳು." ಕನ್ನಡಕ ತೆಗೆದರು, ಹಾಕಿಕೊಂಡರು. "ಅಲ್ಲ... ಏಳರಿಂದ... ತಡಿ." ಸ್ವಲ್ಪ ನಕ್ಕರು. ಆಮೇಲೆ ನಗಲಿಲ್ಲ. "ವರದಿ ಬರೆದಾಗಿದೆ ಓಲ್ಫಾ. ನರ್ಸು ಓದಿದ್ದು ತಪ್ಪು ಅಂತ."

"ಅವಳು ಕಂಡದ್ದನ್ನೇ ಓದಿದಾಳೆ."

"ಹಾಗಾದ್ರೆ ತಪ್ಪು ನಿಂದು ಅಂತ ಬರೀಲಾ?"

"ಬರೀರಿ."

ಹೇಳಿಬಿಟ್ಟೆ. ಆಚೆ ಬಂದ ಮೇಲೆ ಅದೇ ಯೋಚನೆ. ತಪ್ಪು ನನ್ನದೇನಾ? ಸಾಲು ಸರಿ ಇದೆ. ಪರದೆಯೂ ಸರಿ. ಓದಿದವಳೂ ಸರಿ. ಎಲ್ಲರೂ ಸರಿ ಇದ್ದು ಆ ಮನುಷ್ಯ ಹೇಗೆ ಐಸಿಯುಗೆ ಹೋದ?

ನವೆಂಬರ್ 15

ಬಯ್ಯಾಳ ಮನೆಗೆ ಹೋಗಿದ್ದೆ. ಬಾಗಿಲು ತೆರೆದಳು, ಒಳಗೆ ಬಾ ಎನ್ನಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಕೇಳಿಸಿಕೊಂಡಳು. ಆಮೇಲೆ ಹೇಳಿದಳು —

"ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ, ಗೊತ್ತಾ? ಗೋಡೆ ಮೇಲಿನ ಅಕ್ಷರ ಎಲ್ಲಾ ಓದಿಸಿದ್ರು. ತೀರಾ ಸಣ್ಣದನ್ನೂ ಓದ್ದೆ. ಕಣ್ಣು ಚೆನ್ನಾಗಿದೆ, ಹೋಗಮ್ಮಾ ಅಂದ್ರು. ಹೊರಗೆ ಬಂದು ಅತ್ತೆ. ಕಣ್ಣು ಕೆಟ್ಟಿದ್ರೆ ಪರವಾಗಿಲ್ಲ ಅನ್ಕೊಂಡಿದ್ದೆ ಕಣೇ. ತಲೆ ಕೆಟ್ಟಿದೆ ಅಂತ ಆಯ್ತಲ್ಲ ಅಂತ..."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ.

"ಏಳು ಅಂತಿದೆ ಕಣೇ ಅಂದ್ಯಲ್ಲ ಅವತ್ತು," ಎಂದಳು. "ಒಂದ್ ಸಲ ಬಂದು ನನ್ ಪರದೆ ನೋಡಿ ಆಮೇಲೆ ಅನ್ನಬಹುದಿತ್ತು."

ಟೀ ಕೊಟ್ಟಳು ಕೊನೆಗೆ. ಸಕ್ಕರೆ ಹಾಕುವುದನ್ನು ಮರೆತಿದ್ದಳು. ಹಾಗೇ ಕುಡಿದೆ.

ನವೆಂಬರ್ 22, ಶುಕ್ರವಾರ

ಫರ್ಹಾತ್ ಅಜ್ಜ ವಾರ್ಡಿಗೆ ಬಂದಿದ್ದಾರೆ. ನರ್ಸೊಬ್ಬಳಿಗೆ ಹೊಸ ಅಡ್ಡಹೆಸರೂ ಇಟ್ಟರಂತೆ.

ಪಟ್ಟಿಯಲ್ಲಿ ಎರಡು ಗಂಟೆಗಳ ನಡುವಿನ ಅಡ್ಡಗೆರೆ ತೆಗೆದುಹಾಕಿದೆ. ಈಗ ಎರಡು ಅಂಕೆ ಇಲ್ಲ, ಒಂದೇ. "ಬೆಳಿಗ್ಗೆ 7ಕ್ಕೆ ಬರಬೇಕು." ಎರಡೂ ಪರದೆಯಲ್ಲಿ ನೋಡಿದೆ. ಕಾವಲಿನವನಿಗೆ, ಟೀ ತರುವವಳಿಗೆ, ಬಂದವರಿಗೆಲ್ಲ ಓದಿಸಿದೆ. ಎಲ್ಲರೂ ಏಳು ಎಂದರು. ಆದರೂ ನಂಬಿಕೆ ಬರುತ್ತಿಲ್ಲ. ಬಸ್ಸಿನ ನಂಬರ್ ಕೂಡ ಎರಡು ಸಲ ಓದಿ ಹತ್ತುತ್ತಿದ್ದೇನೆ.

ಸೋಮವಾರ ಬಯ್ಯಾ ಕೆಲಸಕ್ಕೆ ಬರುತ್ತಾಳೆ. ವರದಿಯಲ್ಲಿ ಈಗ ನನ್ನ ಹೆಸರಿದೆ.

ನವೆಂಬರ್ 28, ಗುರುವಾರ, ಸಂಜೆ

ಅಜ್ಜ ಮನೆಗೆ ಹೋಗಿದ್ದಾರೆ. ಎಡ-ಬಲದ ಕಥೆಯನ್ನು ವಾರ್ಡಿನಲ್ಲೇ ನರ್ಸುಗಳು ಅವರಿಗೆ ಹೇಳಿದ್ದರು. ನಾಳೆ ಮತ್ತೆ ಅವರ ಪಾಳಿ. ಬಯ್ಯಾ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಫೋನ್ ಮಾಡಿದಳು. ಎತ್ತಿದ್ದು ಅವರೇ.

"ಬೆಳಿಗ್ಗೆ ಏಳಕ್ಕೆ ಅಜ್ಜಾ. ಏಳಕ್ಕೆ."

"ಕೇಳಿಸ್ತು. ಆ ಗಂಟೆ ಬರೆಯೋ ಹುಡುಗಿ ಇದ್ದಾಳಾ? ಕೊಡು."

ಫೋನ್ ತೆಗೆದುಕೊಂಡೆ. ಕ್ಷಮಿಸಿ ಎನ್ನಬೇಕೆಂದಿದ್ದೆ, ನಾನೇ ಬದಲಾಯಿಸಿದ್ದು ಎನ್ನಬೇಕೆಂದಿದ್ದೆ. ಅವರು ಬಿಡಲಿಲ್ಲ.

"ಏಳಾಗ್ಲಿ ಹನ್ನೊಂದಾಗ್ಲಿ ತಾಯಿ, ಅದು ಹಂಗಿರ್ಲಿ. ಅವತ್ತು ಊಟದ ಹೊತ್ತಿನವರೆಗೂ ಕಾದು, ಬಾಗಿಲ ಹತ್ರ ನಿಂತು ಬಾಯಿಬಿಟ್ಟು ಹೇಳ್ದೆ. ಮೈ ಭಾರ ಆಗಿದೆ, ಉಸಿರು ಹಿಡೀತಾ ಇದೆ, ಇವತ್ತೇ ಯಂತ್ರಕ್ಕೆ ಹಾಕಿ ಅಂತ. ಕಾಲು ಊದಿದ್ದನ್ನ ಪ್ಯಾಂಟು ಎತ್ತಿ ತೋರಿಸ್ದೆ. ಅದನ್ನ ಎಡದಿಂದ ಓದೋದು ಬಲದಿಂದ ಓದೋದು ಅಂತ ಇದೆಯಾ?"

"ಯಾರಿದ್ರು ಅಜ್ಜಾ ಬಾಗಿಲಲ್ಲಿ?"

"ನಿಮ್ಮ ದೊಡ್ಡ ಡಾಕ್ಟ್ರೇ ಕಣಮ್ಮ. ಊಟಕ್ಕೆ ಹೊರಟಿದ್ರು."

ಫೋನ್ ಇಟ್ಟೆ. ಏನಂದ್ರು, ಏನಂದ್ರು ಎಂದು ಬಯ್ಯಾ ಕೇಳುತ್ತಿದ್ದಳು. ಎದುರಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಡಾಕ್ಟರ್ ರಿದಾ ಇನ್ನೂ ಹೋಗಿರಲಿಲ್ಲ. ನಾನು ಎದ್ದು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ "ಬಾ" ಎಂದರು. ಬಯ್ಯಾಳೂ ನನ್ನ ಹಿಂದೆಯೇ ಬಂದಳು. "ಡಾಕ್ಟ್ರೇ," ಎಂದೆ, "ಅವತ್ತು ಅಜ್ಜನನ್ನು ಬಾಗಿಲಿಂದ ವಾಪಸ್ ಕಳಿಸಿದವರ ಹೆಸರೂ ವರದಿಗೆ ಸೇರಬೇಕು."